ಮಿಶ್ರ ಫ್ಯಾಂಡಮ್ ಬಳಗಗಳಲ್ಲಿ ಎರಡು ಮೂರಕ್ಕೇ ಎಲ್ಲ ಗಮನ: ಉಳಿದವು ಯಾಕೆ ಮುಳುಗುತ್ತವೆ, ಏನು ಮಾಡಬಹುದು?

ಬಿಡಿಹಾಳೆ
ಫ್ಯಾಂಡಮ್ ಅಂದ್ರೆ ಒಂದು ಕೃತಿಯ ಅಭಿಮಾನಿ ಸಮೂಹ. "ಎಲ್ಲ ಫ್ಯಾಂಡಮ್‌ಗೂ ಸ್ವಾಗತ" ಅಂತ ಬೋರ್ಡ್ ಹಾಕಿಕೊಂಡಿರೋ ಯಾವ ಬಳಗವನ್ನಾದ್ರೂ ತೆಗೆದು ನೋಡಿ. ಮುಖಪುಟದ ಮುಕ್ಕಾಲು ಪಾಲು ಎರಡೋ ಮೂರೋ ದೊಡ್ಡ ಫ್ಯಾಂಡಮ್‌ಗಳದ್ದೇ. ಸಣ್ಣ ಫ್ಯಾಂಡಮ್‌ನವರು ಬರ್ತಾರೆ, ಕೂತು ಒಂದು ಒಳ್ಳೆ ವಿಶ್ಲೇಷಣೆ ಬರೀತಾರೆ. ಮೂರು ಲೈಕ್, ಕಮೆಂಟ್ ಸೊನ್ನೆ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಬರೋದೇ ಇಲ್ಲ. ಆಮೇಲೆ "ಇಲ್ಲಿ ಅದರ ಅಭಿಮಾನಿಗಳು ಯಾರೂ ಇಲ್ಲ" ಅನ್ನೋ ಮಾತು ತಾನಾಗೇ ನಿಜ ಆಗಿಬಿಡುತ್ತೆ.

ಇದು ಬರೀ ಜನರ ರುಚಿನಾ, ಇಲ್ಲಾ ವೇದಿಕೆ ಕಟ್ಟಿರೋ ರೀತಿಯಿಂದ ಆಗೋದಾ? ಮಾಡರೇಟರ್‌ಗಳ ಕೈಲಿ ಏನಿದೆ? "ದೊಡ್ಡವರ ಬಾಯಿ ಮುಚ್ಚಿಸಿ" ಅನ್ನೋ ಉತ್ತರ ದಯವಿಟ್ಟು ಬೇಡ. ಯಾವ ಸೆಟ್ಟಿಂಗ್, ಎಷ್ಟು ದಿನ, ಎಲ್ಲಿ ಕೆಡುತ್ತೆ, ಅಷ್ಟು ಹೇಳಿ.

ಕೊನೆಬೆಂಚು
ರುಚಿನೇ. ಜಾಸ್ತಿ ಜನ ನೋಡಿದ್ದರ ಬಗ್ಗೆ ಜಾಸ್ತಿ ಜನ ಮಾತಾಡ್ತಾರೆ. ಇದರಲ್ಲಿ ಸರಿಪಡಿಸೋಕೆ ಏನಿದೆ?

ಲೆಕ್ಕದಪುಸ್ತಕ
@ಕೊನೆಬೆಂಚು ಅರ್ಧ ಮಾತ್ರ ಸರಿ. ಒಂದು ಫ್ಯಾಂಡಮ್‌ಗೆ ಇನ್ನೊಂದರ ಹತ್ತು ಪಟ್ಟು ಜನ ಇದ್ರೆ ಹತ್ತು ಪಟ್ಟು ಮಾತು ಆಗಲಿ, ಅದು ನ್ಯಾಯ. ಆದರೆ ಮುಖಪುಟದಲ್ಲಿ ಕಾಣೋದು ಹತ್ತಕ್ಕೆ ಒಂದು ಅಲ್ಲ, ಹತ್ತಕ್ಕೆ ಸೊನ್ನೆ. ಆ ಒಂದು ಎಲ್ಲಿ ಹೋಯ್ತು? ಸಾರ್ಟಿಂಗ್, ಅಂದ್ರೆ ಪೋಸ್ಟ್‌ಗಳನ್ನ ಮೇಲೆ ಕೆಳಗೆ ಜೋಡಿಸೋ ಕ್ರಮ, ನುಂಗಿತು.

ಜನ ವೋಟ್ ಹಾಕಿ ಪೋಸ್ಟ್ ಮೇಲೇರಿಸೋ ರೆಡಿಟ್ ತಾಣದ ಹಳೇ "ಹಾಟ್" ಸೂತ್ರ ತಗೊಳ್ಳಿ. 2008ರಿಂದ 2017ರವರೆಗೆ ಅವರ ಕೋಡ್ ಬಹಿರಂಗವಾಗಿತ್ತು, ಹಾಗಾಗಿ ಇದು ಊಹೆ ಅಲ್ಲ. ಪೋಸ್ಟಿಗೆ ಬಂದ ನಿವ್ವಳ ವೋಟಿನ ಲಾಗರಿದಮ್ (ಆಧಾರ 10) ತಗೋಬೇಕು. ಪೋಸ್ಟ್ ಹಾಕಿದ ಹೊತ್ತನ್ನ ಸೆಕೆಂಡ್‌ನಲ್ಲಿ ಇಟ್ಟು 45,000ದಿಂದ ಭಾಗಿಸಿ ಅದಕ್ಕೆ ಕೂಡಬೇಕು. ಅಷ್ಟೇ. 45,000 ಸೆಕೆಂಡ್ ಅಂದ್ರೆ ಹನ್ನೆರಡೂವರೆ ಗಂಟೆ. 10 ವೋಟಿಗೆ 1 ಅಂಕ, 100ಕ್ಕೆ 2, 1,000ಕ್ಕೆ 3. ಅಂದ್ರೆ 10 ವೋಟಿನ ಪೋಸ್ಟ್ 1,000 ವೋಟಿನ ಪೋಸ್ಟನ್ನ ಸರಿಗಟ್ಟಬೇಕಾದ್ರೆ ಅದಕ್ಕಿಂತ 25 ಗಂಟೆ ಹೊಸದಾಗಿರಬೇಕು. ದೊಡ್ಡ ಫ್ಯಾಂಡಮ್‌ನಿಂದ ದಿನಕ್ಕೆ ಒಂದೇ ಒಂದು ಅಂಥ ಪೋಸ್ಟ್ ಬಂದ್ರೂ ಸಣ್ಣದರ ತಲೆ ಮೇಲೆ ಯಾವಾಗಲೂ ಒಂದು ಕೂತಿರುತ್ತೆ. ದಿನಕ್ಕೆ ಇಪ್ಪತ್ತೈದು ಬಂದ್ರೆ ಮೊದಲ ಪುಟ ಮುಗೀತು.

ಇನ್ನೊಂದು ವಿಷಯ: ಮೊದಲ 10 ವೋಟಿಗೆ ಸಿಗೋ ಅಂಕವೇ ಮುಂದಿನ 90 ವೋಟಿಗೂ ಸಿಗೋದು. ಹಾಗಾಗಿ ಪೋಸ್ಟ್ ಹಾಕಿದ ಮೊದಲ ಗಂಟೆಯಲ್ಲಿ ಎಷ್ಟು ಅಭಿಮಾನಿಗಳು ಆನ್‌ಲೈನ್ ಇದ್ದರು ಅನ್ನೋದೇ ಹಣೆಬರಹ ಬರೆಯುತ್ತೆ. ದೊಡ್ಡ ಫ್ಯಾಂಡಮ್‌ಗೆ ಯಾವ ಹೊತ್ತಲ್ಲೂ ಹತ್ತು ಜನ ಎದ್ದಿರ್ತಾರೆ. ಸಣ್ಣದಕ್ಕೆ ಇರಲ್ಲ. ಇದರಲ್ಲಿ ರುಚಿ ಎಲ್ಲಿ ಬಂತು?

ಸುಮ್ನೆಓದುಗ
ಆ 25 ಗಂಟೆ ಲೆಕ್ಕ ನೋಡಿ ಈಗ ಅರ್ಥ ಆಯ್ತು. ಧನ್ಯವಾದ.

ಗಾಳಿಗೋಪುರ
ವೋಟ್ ಇಲ್ಲದ ಕಡೇನೂ ಹಿಂಗ ಆಗ್ತದ್ರೀ. ಹಳೇ ಬುಲೆಟಿನ್ ಬೋರ್ಡ್ ನೋಡ್ರಿ, ಪಿಎಚ್‌ಪಿಬಿಬಿ ಥರದ್ದು. ಯಾವ ಥ್ರೆಡ್ಡಿಗೆ ಕೊನೀಗೆ ರಿಪ್ಲೈ ಬಂತೋ ಅದು ಮ್ಯಾಲೆ. ದೊಡ್ಡ ಫ್ಯಾಂಡಮ್ ಥ್ರೆಡ್ಡಿಗೆ ನಿಮಿಷಕ್ಕೊಂದು "ಹೌದು ಹೌದು" ಬೀಳ್ತದ, ಅದು ಕೆಳಗ ಇಳಿಯೂದೇ ಇಲ್ಲ. ಸಣ್ಣದರಾಗ ನಾಕು ಪ್ಯಾರಾ ಬರದ ರಿಪ್ಲೈ ಬಂದ್ರೂ ಅದರ ಬೆಲೆ ಒಂದು "ಹೌದು"ವಿನಷ್ಟs. ವೋಟ್ ತಗದ್ರ ಎಲ್ಲಾ ಸರಿ ಹೋಗ್ತದ ಅನ್ನೋರಿಗೆ ಇದು ಉತ್ತರ.

ಹಳೇತಂತಿ
ಇದು ವೆಬ್‌ಗಿಂತ ಹಳೇ ರೋಗ. ಯೂಸ್‌ನೆಟ್ ಅನ್ನೋ ಹಳೇ ಚರ್ಚಾಜಾಲದ ಮುಖ್ಯ ಶ್ರೇಣಿಗಳಲ್ಲಿ ಹೊಸ ಗುಂಪು ಬೇಕಾದ್ರೆ ಮತಕ್ಕೆ ಹಾಕ್ತಿದ್ರು: ಬೇಕು ಅನ್ನೋ ಮತ ಬೇಡ ಅನ್ನೋದಕ್ಕಿಂತ ಕನಿಷ್ಠ 100 ಜಾಸ್ತಿ ಇರಬೇಕು, ಜೊತೆಗೆ ಮೂರನೇ ಎರಡು ಬಹುಮತ. ದೊಡ್ಡ ಫ್ಯಾಂಡಮ್‌ಗೆ ಇದು ಸಲೀಸು. ಮೂವತ್ತು ಜನರ ಫ್ಯಾಂಡಮ್‌ನಲ್ಲಿ ಎಲ್ಲರೂ ಹೌದು ಅಂದರೂ ಸೋಲು. ಅವರೆಲ್ಲ ಸಾಮಾನ್ಯ ಗುಂಪಲ್ಲೇ ಉಳಿದು ಅಥವಾ 1987ರಲ್ಲಿ ಶುರುವಾದ ಆಲ್ಟ್ ಶ್ರೇಣಿಗೆ ಹೋಗಿ ಕೂತರು, ಅಲ್ಲಿ ಮತದಾನದ ಕಟ್ಟುಪಾಡು ಇರಲಿಲ್ಲ.

ಗಮನಿಸಬೇಕಾದ್ದು ಏನಂದ್ರೆ, ಆಗ ಪ್ರತ್ಯೇಕ ಗುಂಪು ಸಿಗ್ತಿದ್ದದ್ದು ದೊಡ್ಡವರಿಗೆ. ದಟ್ಟಣೆ ಮಾಡೋರನ್ನ ಬೇರೆ ಕಡೆ ಕಳಿಸಿದ್ರೆ ಸಾಮಾನ್ಯ ಗುಂಪಲ್ಲಿ ಉಸಿರಾಡೋ ಜಾಗ ಉಳಿಯುತ್ತೆ. ಈಗ ಡಿಸ್ಕಾರ್ಡ್ ಅನ್ನೋ ಚಾಟ್ ವೇದಿಕೆಯಲ್ಲಿ ಉಲ್ಟಾ ಮಾಡ್ತಾರೆ. ಸಣ್ಣ ಫ್ಯಾಂಡಮ್‌ಗೆ ಒಂದೊಂದು ಚಾನೆಲ್ ಕೊಟ್ಟು ಮೂಲೆಗೆ ಕೂರಿಸಿ, ಸಾಮಾನ್ಯ ಚಾನೆಲ್ಲನ್ನ ದೊಡ್ಡವರಿಗೆ ಬಿಟ್ಟುಕೊಡ್ತಾರೆ.

ಇರುವೆಸಾಲು
@ಹಳೇತಂತಿ ಹೇಳಿದ್ದಕ್ಕೆ ನನ್ನದೂ ಒಂದು ಮತ. ಡಿಸ್ಕಾರ್ಡ್ ಸರ್ವರ್‌ಗೆ (ಅಂದ್ರೆ ಒಂದು ಬಳಗದ ಜಾಗಕ್ಕೆ) 500 ಚಾನೆಲ್ ಮಿತಿ, ಆದರೆ ಅದರ ಹತ್ತಿರಕ್ಕೂ ಹೋಗಬೇಡಿ. ನಲವತ್ತು ಚಾನೆಲ್ ದಾಟಿದ್ರೆ ಜನ ಪಟ್ಟಿಯನ್ನೇ ಮಡಚಿ ಇಡ್ತಾರೆ. ಖಾಲಿ ಚಾನೆಲ್‌ಗೆ ಕಾಲಿಟ್ಟವರು ಕೊನೆ ಮೆಸೇಜಿನ ತಾರೀಕು ನೋಡಿ, ಆರು ತಿಂಗಳ ಹಿಂದಿನದು ಅಂತ ಗೊತ್ತಾದ ಕೂಡಲೇ ಮಾತಾಡದೆ ವಾಪಸ್ ಹೋಗ್ತಾರೆ.

ಕೆಲಸ ಮಾಡೋ ವ್ಯವಸ್ಥೆ ಹೀಗಿರುತ್ತೆ. ದೊಡ್ಡ ಎರಡು ಮೂರಕ್ಕೆ ಸ್ವಂತ ಚಾನೆಲ್. ಉಳಿದ ಎಲ್ಲದಕ್ಕೂ ಸೇರಿ ಒಂದೇ ಫೋರಂ ಚಾನೆಲ್ (ಪ್ರತಿ ವಿಷಯಕ್ಕೂ ಬೇರೆ ಪೋಸ್ಟ್ ಇರೋ ಚಾನೆಲ್, 2022ರಿಂದ ಇದೆ). ಅದರಲ್ಲಿ ಫ್ಯಾಂಡಮ್‌ಗೆ ಒಂದು ಪೋಸ್ಟ್. ಡೀಫಾಲ್ಟ್ ಸಾರ್ಟ್ "ಇತ್ತೀಚಿನ ಚಟುವಟಿಕೆ" ಇರಲಿ, ಯಾಕಂದ್ರೆ ಇಲ್ಲಿ ಎಲ್ಲರೂ ಸಣ್ಣವರೇ, ಒಂದು ರಿಪ್ಲೈ ಬಂದ್ರೂ ಮೇಲೆ ಬರುತ್ತೆ. ಮಾತು ನಿಂತ ಪೋಸ್ಟ್ ಮರೆಯಾಗೋ ಅವಧಿಯನ್ನ ಒಂದು ವಾರಕ್ಕೆ ಇಡಿ, ಅದೇ ಗರಿಷ್ಠ. 24 ಗಂಟೆಗೆ ಬಿಟ್ರೆ ಮಾರನೇ ದಿನಕ್ಕೆ ಎಲ್ಲ ಮಾಯ. ಒಂದು ಫೋರಂ ಚಾನೆಲ್‌ಗೆ 20 ಟ್ಯಾಗ್ ಮಾತ್ರ, ಹಾಗಾಗಿ ಟ್ಯಾಗನ್ನ ಫ್ಯಾಂಡಮ್ ಹೆಸರಿಗೆ ಖರ್ಚು ಮಾಡಬೇಡಿ. ಕಾದಂಬರಿ, ಧಾರಾವಾಹಿ, ಗೇಮ್, ಕಾಮಿಕ್ಸ್, "ಹೊಸಬರಿಗೆ", "ಸ್ಪಾಯ್ಲರ್ ಇದೆ" (ಅಂದ್ರೆ ಕಥೆಯ ಗುಟ್ಟು ಬಿಟ್ಟುಕೊಡುತ್ತೆ), ಈ ಥರ ಇಡಿ.

ಸ್ವಂತ ಚಾನೆಲ್ ಯಾವಾಗ? ನಾಲ್ಕು ವಾರ ಸತತವಾಗಿ, ವಾರಕ್ಕೆ ಕನಿಷ್ಠ ಆರು ಬೇರೆ ಬೇರೆ ಜನ ಬರೆದಿದ್ರೆ. ಮೆಸೇಜ್ ಎಣಿಸಬೇಡಿ, ಜನ ಎಣಿಸಿ. ಇಬ್ಬರು ಜಗಳ ಆಡಿದ್ರೆ ಒಂದು ರಾತ್ರೀಲಿ ಮುನ್ನೂರು ಮೆಸೇಜ್ ಆಗುತ್ತೆ.

ನಡುರಾತ್ರಿ
ದೊಡ್ಡ ಫ್ಯಾಂಡಮ್ ಕಡೆಯಿಂದ ಒಂದು ಮಾತು. ದೊಡ್ಡದು ಅಂದ್ರೆ ಎಲ್ಲರಿಗೂ ಗಮನ ಸಿಗುತ್ತೆ ಅಂದ್ಕೊಂಡಿದೀರಾ? ಒಳಗೂ ಇದೇ ಪಾಡು. ಒಂದು ಜೋಡಿ, ಇಬ್ಬರು ಪಾತ್ರ, ಅಷ್ಟಕ್ಕೇ ಎಲ್ಲ ಚಿತ್ರ, ಎಲ್ಲ ಫಿಕ್ (ಅಭಿಮಾನಿಗಳು ಬರೆಯೋ ಕಥೆ), ಎಲ್ಲ ಥಿಯರಿ. ಐದನೇ ಸ್ಥಾನದ ಪಾತ್ರದ ಬಗ್ಗೆ ಬರೆಯೋರು ಸಣ್ಣ ಫ್ಯಾಂಡಮ್‌ನವರಷ್ಟೇ ಒಂಟಿ. ಅವರಿಗೆ ಇನ್ನೊಂದು ತೊಂದರೆನೂ ಇದೆ, ತಮ್ಮದೇ ಜಾಗ ಬೇಕು ಅಂದ್ರೆ "ನಿಮ್ಮದು ದೊಡ್ಡ ಫ್ಯಾಂಡಮ್ ಅಲ್ವಾ" ಅಂತ ಬಾಯಿ ಮುಚ್ಚಿಸ್ತಾರೆ.

ಟ್ಯಾಗ್‌ಕಟ್ಟು
@ಲೆಕ್ಕದಪುಸ್ತಕ ಸಾರ್ಟಿಂಗ್ ಒಂದೇ ಕಾರಣ ಅನ್ನೋದನ್ನ ಒಪ್ಪಲ್ಲ. ಅಭಿಮಾನಿಗಳು ಬರೆದ ಕೃತಿಗಳ ಭಂಡಾರ ಆರ್ಕೈವ್ ಆಫ್ ಅವರ್ ಓನ್, ಅಂದ್ರೆ ಎಓ3, 2009ರ ನವೆಂಬರ್‌ನಲ್ಲಿ ಸಾರ್ವಜನಿಕ ಬೀಟಾ ಆಗಿ ತೆರೆಯಿತು. ಅಲ್ಲಿ ಶಿಫಾರಸು ಅಲ್ಗಾರಿದಮ್ ಅನ್ನೋದೇ ಇಲ್ಲ. ಫ್ಯಾಂಡಮ್ ಪುಟ ತೆಗೆದ್ರೆ ಡೀಫಾಲ್ಟ್ ಸಾರ್ಟ್ ಇತ್ತೀಚೆಗೆ ಅಪ್‌ಡೇಟ್ ಆದದ್ದು. ವೋಟಿನಿಂದ ಏನೂ ಮೇಲೆ ಬರಲ್ಲ. ಆದರೂ ಅಲ್ಲಿರೋ ಸಾವಿರಾರು ಫ್ಯಾಂಡಮ್‌ಗಳಲ್ಲಿ ಬೆರಳೆಣಿಕೆಯವು ಲಕ್ಷಗಟ್ಟಲೆ ಕೃತಿ ಇಟ್ಟುಕೊಂಡಿವೆ, ಹೆಚ್ಚಿನವಕ್ಕೆ ಹತ್ತು ಹದಿನೈದೂ ಇಲ್ಲ. ಇದಕ್ಕೆ ಯಾವ ಸೂತ್ರವನ್ನ ದೂರ್ತೀರಿ?

ಲೆಕ್ಕದಪುಸ್ತಕ
@ಟ್ಯಾಗ್‌ಕಟ್ಟು ನೀವು ಹೇಳ್ತಿರೋದು ಎಷ್ಟು ಬರೆದಿದ್ದಾರೆ ಅನ್ನೋದರ ಅಸಮತೆ. ಬಿಡಿಹಾಳೆ ಕೇಳಿದ್ದು ಬರೆದದ್ದು ಕಾಣುತ್ತಾ ಅನ್ನೋದು. ಎಓ3ಲಿ ಹತ್ತೇ ಕಥೆ ಇರೋ ಫ್ಯಾಂಡಮ್‌ನ ಪುಟ ತೆಗೆದ್ರೆ ಹತ್ತೂ ಒಂದೇ ಪರದೆಯಲ್ಲಿ ಕಾಣ್ತವೆ, 2011ರದ್ದೂ ಸೇರಿ. ಹುಡುಕಿಕೊಂಡು ಬಂದವನಿಗೆ ಸಿಕ್ಕೇ ಸಿಗುತ್ತೆ. ಹರಿಯೋ ಫೀಡ್‌ನಲ್ಲಿ ಎರಡು ದಿನ ಹಳೇದು ಸಿಗಲ್ಲ. ಪ್ರಮಾಣ ಎರಡೂ ಕಡೆ ಒಂದೇ ಇರಬಹುದು, ಬದುಕಿ ಉಳಿಯೋದು ಒಂದೇ ಕಡೆ.

ಟ್ಯಾಗ್‌ಕಟ್ಟು
ಅಷ್ಟು ಮಟ್ಟಿಗೆ ಒಪ್ಪಿದೆ. ಆದರೆ ಅಲ್ಲೂ ಹುಡುಕೋದು ಸಲೀಸು ಅಂತ ತಿಳ್ಕೊಬೇಡಿ. ಸಣ್ಣ ಫ್ಯಾಂಡಮ್‌ನ ಪುಟಕ್ಕೆ ಹೋದ್ರೆ ಮೊದಲ ಸಾಲಲ್ಲಿ ಕಾಣೋದು ಮೂವತ್ತು ಫ್ಯಾಂಡಮ್‌ಗಳ ಟ್ಯಾಗ್ ಹಚ್ಚಿದ ಸಂಗ್ರಹಗಳು. ನೂರನೇ ಅಧ್ಯಾಯದಲ್ಲಿ ಎರಡು ಪ್ಯಾರಾ ಇವರ ಪಾತ್ರ ಬಂದಿರುತ್ತೆ, ವಾರವಾರ ಅಪ್‌ಡೇಟ್ ಆಗಿ ಯಾವಾಗಲೂ ಮೇಲಿರುತ್ತೆ. 2021ರಲ್ಲಿ ಒಂದು ಕೃತಿಗೆ ಫ್ಯಾಂಡಮ್, ಜೋಡಿ, ಪಾತ್ರ, ಇತರೆ ಎಲ್ಲ ಸೇರಿ 75 ಟ್ಯಾಗ್ ಅಂತ ಮಿತಿ ತಂದ ಮೇಲೆ ಸ್ವಲ್ಪ ತಗ್ಗಿದೆ. ಪೂರ್ತಿ ಹೋಗಿಲ್ಲ. ಓದುಗರು ಫಿಲ್ಟರ್‌ನ ಕ್ರಾಸ್‌ಓವರ್ (ಹಲವು ಫ್ಯಾಂಡಮ್ ಬೆರೆಸಿದ ಕೃತಿ) ಭಾಗದಲ್ಲಿ "ಕ್ರಾಸ್‌ಓವರ್ ಬಿಡು" ಆರಿಸಿಕೊಂಡ್ರೆ ನಿಜವಾದ ಹತ್ತು ಕಥೆ ಉಳೀತವೆ. ಜೋಡಿ ಹುಡುಕೋರು "ಫಲಿತಾಂಶದೊಳಗೆ ಹುಡುಕು" ಪೆಟ್ಟಿಗೆಯಲ್ಲಿ ಓಟಿಪಿ ಕೋಲನ್ ಟ್ರೂ (otp:true) ಅಂತ ಇಂಗ್ಲಿಷಲ್ಲಿ ಹಾಕಿದ್ರೆ ಒಂದೇ ಜೋಡಿಯ ಟ್ಯಾಗ್ ಇರೋ ಕೃತಿ ಮಾತ್ರ ಬರ್ತವೆ.

ಹೆಸರಿನ ಗೊಂದಲ ಇದಕ್ಕಿಂತ ಕೆಟ್ಟದು. ಒಂದೇ ಕೃತಿಯನ್ನ ಮೂಲ ಭಾಷೆಯ ಹೆಸರು, ಅನುವಾದದ ಹೆಸರು, ಹ್ರಸ್ವ ಹೆಸರು ಅಂತ ಮೂರು ಥರ ಬರೆದ್ರೆ ಅರವತ್ತು ಪೋಸ್ಟಿನ ಫ್ಯಾಂಡಮ್ ಇಪ್ಪತ್ತಿಪ್ಪತ್ತರ ಮೂರು ಚೂರಾಗಿ ಕಾಣುತ್ತೆ. ದೊಡ್ಡ ಫ್ಯಾಂಡಮ್‌ಗೆ ಇದು ತಟ್ಟಲ್ಲ, ಸಣ್ಣದನ್ನ ಕೊಂದೇ ಹಾಕುತ್ತೆ. ಎಓ3ಲಿ ಸ್ವಯಂಸೇವಕರು ಕೂತು ಇವನ್ನೆಲ್ಲ ಒಂದೇ ಅಧಿಕೃತ ಟ್ಯಾಗಿಗೆ ಕಟ್ಟುತ್ತಾರೆ, ಇಂಗ್ಲಿಷೇತರ ಕೃತಿಗೆ ಮೂಲ ಲಿಪಿಯ ಹೆಸರು, ಒಂದು ಲಂಬಗೆರೆ (|), ಆಮೇಲೆ ಇಂಗ್ಲಿಷ್ ಹೆಸರು ಅಂತ. ಡಿಸ್ಕೋರ್ಸ್ ಅನ್ನೋ ತಂತ್ರಾಂಶದಲ್ಲಿ ನಡೆಯೋ ಫೋರಂನಲ್ಲಿ ಟ್ಯಾಗ್ ಸಮಾನಾರ್ಥಕ ಅನ್ನೋ ಸೌಲಭ್ಯ ಇದೆ. ಮುಖ್ಯ ಟ್ಯಾಗ್ ತೆಗೆದು ಉಳಿದ ಹೆಸರು ಅದಕ್ಕೆ ಸೇರಿಸಿದ್ರೆ ಹಳೇ ಪೋಸ್ಟೂ ಒಟ್ಟಾಗ್ತವೆ. ಅರ್ಧ ಗಂಟೆ ಕೆಲಸ. ಬಹುಪಾಲು ಬಳಗಗಳಲ್ಲಿ ಯಾರೂ ಮಾಡಿರಲ್ಲ.

ಮಳೆಹುಳ
ಅದೆಲ್ಲ ಸರಿ ಮಾರಾಯ್ರೆ, ಸೂತ್ರ ಬದಲಾಯಿಸ್ಲಿಕ್ಕೆ ಆಗ್ತದಾ ಇಲ್ವಾ? ಅದನ್ನು ಹೇಳಿ.

ಲೆಕ್ಕದಪುಸ್ತಕ
@ಮಳೆಹುಳ ಆಗುತ್ತೆ. ರೆಡಿಟ್ ಥರದ್ದೇ ಮುಕ್ತ ತಂತ್ರಾಂಶ ಲೆಮ್ಮಿ ಮಾಡಿದೆ. 2023ರ ಡಿಸೆಂಬರ್‌ನಲ್ಲಿ ಬಂದ 0.19 ಆವೃತ್ತಿಯಲ್ಲಿ "ಸ್ಕೇಲ್ಡ್" ಅಂತ ಒಂದು ಸಾರ್ಟ್ ಸೇರಿಸಿದ್ರು. ಮಾಮೂಲಿ ಹಾಟ್ ಅಂಕವನ್ನ ಆ ಸಮುದಾಯದ ತಿಂಗಳ ಸಕ್ರಿಯ ಬಳಕೆದಾರರ ಸಂಖ್ಯೆಯ ಲಾಗ್‌ನಿಂದ ಭಾಗಿಸುತ್ತೆ. ದೊಡ್ಡ ಸಮುದಾಯದ ಪೋಸ್ಟ್ ಸ್ವಲ್ಪ ಇಳಿಯುತ್ತೆ, ಸಣ್ಣದು ಸ್ವಲ್ಪ ಏರುತ್ತೆ.

ಸ್ವಂತ ಕೋಡ್ ಇರೋರಿಗೆ ನಾನು ಹೇಳೋದು ಇನ್ನೂ ಸರಳ. ಆ ಫ್ಯಾಂಡಮ್‌ನ ಹಿಂದಿನ 30 ದಿನದ ಪೋಸ್ಟ್‌ಗಳ ಮಧ್ಯಕ ವೋಟು ತೆಗೀರಿ, ಅಂದ್ರೆ ಎಲ್ಲವನ್ನೂ ಕ್ರಮವಾಗಿ ಜೋಡಿಸಿ ನಡುವಿನದ್ದು. ಹೊಸ ಪೋಸ್ಟಿನ ವೋಟನ್ನ ಅದರಿಂದ ಭಾಗಿಸಿ. ಮಧ್ಯಕ 400 ಇರೋ ಕಡೆ 600 ಬಂದ್ರೆ ಒಂದೂವರೆ. ಮಧ್ಯಕ 4 ಇರೋ ಕಡೆ 12 ಬಂದ್ರೆ ಮೂರು. ಎರಡನೆಯದು ಮೇಲೆ ಬರಬೇಕು, ಯಾಕಂದ್ರೆ ಅದು ತನ್ನ ಜನರಿಗೆ ನಿಜವಾಗಲೂ ಹಿಡಿಸಿದೆ. ಸರಾಸರಿ ಬೇಡ. ಒಂದು ಪೋಸ್ಟ್ ವೈರಲ್ ಆದ್ರೆ ಸರಾಸರಿ ಏರಿ ಮುಂದಿನ ಒಂದು ತಿಂಗಳು ಆ ಫ್ಯಾಂಡಮ್‌ಗೇ ಶಿಕ್ಷೆ.

ಕೆಡೋ ಜಾಗ: ತೀರಾ ಸಣ್ಣ ಫ್ಯಾಂಡಮ್. ಮಧ್ಯಕ 1 ಇದ್ದಲ್ಲಿ ನಾಲ್ಕು ಗೆಳೆಯರು ವೋಟ್ ಹಾಕಿದ್ರೆ ಮುಖಪುಟದ ತುದಿಗೆ. ಅದಕ್ಕೆ ಭಾಜಕ 3ಕ್ಕಿಂತ ಕೆಳಗೆ ಇಳೀಬಾರದು ಅಂತ ಕಟ್ಟಿಡಿ, ಜೊತೆಗೆ ಕನಿಷ್ಠ 5 ವೋಟ್ ಇಲ್ಲದ ಪೋಸ್ಟನ್ನ ಈ ಲೆಕ್ಕಕ್ಕೇ ತಗೋಬೇಡಿ.

ಕೊನೆಬೆಂಚು
ನನಗೆ ಬೇಡದ್ದನ್ನ ನನ್ನ ಮುಂದೆ ತಳ್ಳೋದೇ ತಾನೆ ಇದು? 600 ಜನಕ್ಕೆ ಇಷ್ಟ ಆದದ್ದು ಕೆಳಗೆ, 12 ಜನಕ್ಕೆ ಇಷ್ಟ ಆದದ್ದು ಮೇಲೆ. ಇದು ಹೇಗೆ ನ್ಯಾಯ ಅಂತೀರಿ?

ಇರುವೆಸಾಲು
@ಕೊನೆಬೆಂಚು ನಿಮ್ಮ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಡೀಫಾಲ್ಟ್ ಬದಲಾಯಿಸೋ ದಿನವೇ ಮ್ಯೂಟ್ ಮಾಡೋದನ್ನೂ ಕಲಿಸಬೇಕು. ಫ್ಯಾಂಡಮ್ ಟ್ಯಾಗ್ ಕಡ್ಡಾಯ ಮಾಡಿ, ಬೇಡದ ಟ್ಯಾಗ್ ಅಡಗಿಸೋಕೆ ಬಿಡಿ. ಬೇಡದೋರಿಗೆ ಎರಡು ಒತ್ತು, ಮುಗೀತು. ಈಗಿನ ಸ್ಥಿತಿಯಲ್ಲಿ ಸಣ್ಣ ಫ್ಯಾಂಡಮ್‌ನವನಿಗೆ ಆ ಎರಡು ಒತ್ತೂ ಇಲ್ಲ. ಕಾಣದೇ ಇರೋದನ್ನ ಕಾಣೋ ಹಾಗೆ ಮಾಡೋಕೆ ಅವನ ಹತ್ರ ಬಟನ್ ಇಲ್ಲ.

ಡಿಸ್ಕೋರ್ಸ್‌ನಲ್ಲಿ ಕೋಡ್ ಮುಟ್ಟದೇ ಮಾಡೋದು ಇನ್ನೊಂದಿದೆ. ವಿಭಾಗದ ಸೆಟ್ಟಿಂಗ್‌ಗೆ ಹೋದ್ರೆ ದಿನಕ್ಕೆ ಎಷ್ಟು ತೆರೆದ ಚರ್ಚೆಗಳನ್ನ ತಾನಾಗಿ ಮೇಲಕ್ಕೆತ್ತಬೇಕು ಅಂತ ಒಂದು ಸಂಖ್ಯೆ ಕೇಳುತ್ತೆ. ಸಣ್ಣ ಫ್ಯಾಂಡಮ್ ವಿಭಾಗಕ್ಕೆ 1 ಇಡಿ, ಜಾಸ್ತಿ ಅಂದ್ರೆ 2. ಇದಕ್ಕೆ ಮೊದಲು ಕೂತು ಹಳಸಿದ ಚರ್ಚೆಗಳನ್ನ ಮುಚ್ಚಬೇಕು, "ಮುಂದಿನ ಭಾಗ ಯಾವಾಗ" ಅನ್ನೋ ಥರದ್ದು. ಇಲ್ಲದಿದ್ರೆ ಅವೇ ಮೇಲೆ ತೇಲಿ ಬರ್ತವೆ. ತೆರೆದವನ್ನ ಮಾತ್ರ ಅದು ಎತ್ತೋದು, ಹಾಗಾಗಿ ಮುಚ್ಚಿದ್ರೆ ಸಾಕು, ಅಳಿಸೋದು ಬೇಡ.

ಮಳೆಹುಳ
"ದೊಡ್ಡ ಫ್ಯಾಂಡಮ್ ಇಲ್ಲದ ದಿನ" ಅಂತ ವಾರಕ್ಕೊಮ್ಮೆ ಇಟ್ಟರೆ?

ನಡುರಾತ್ರಿ
ಖಂಡಿತ ಬೇಡ. ಸಣ್ಣ ಫ್ಯಾಂಡಮ್‌ನ ಓದುಗರು ಎಲ್ಲಿಂದ ಬರ್ತಾರೆ ಅಂದ್ಕೊಂಡಿದೀರಿ? ದೊಡ್ಡದರಿಂದಲೇ. ಬಹುತೇಕ ಜನಕ್ಕೆ ಒಂದು ದೊಡ್ಡದು, ಮೂರು ಸಣ್ಣದು ಇರುತ್ತೆ. ನಿಷೇಧದ ದಿನ ಅವರು ಬರೋದೇ ಇಲ್ಲ, ಬೇರೆ ಕಡೆ ಸರ್ವರ್ ಮಾಡ್ಕೊಂಡು ಹೋಗ್ತಾರೆ. ಆ ದಿನ ಸಣ್ಣ ಫ್ಯಾಂಡಮ್‌ನವರು ಖಾಲಿ ಮನೆಯಲ್ಲಿ ಮಾತಾಡಬೇಕಾಗುತ್ತೆ. ಮೇಲಾಗಿ ಯಾವುದು ದೊಡ್ಡದು, ಯಾವುದು ಅಲ್ಲ ಅಂತ ಪ್ರತಿ ವಾರ ಕಿತ್ತಾಟ.

ಅದರ ಬದಲು ದೊಡ್ಡ ಫ್ಯಾಂಡಮ್ ಥ್ರೆಡ್‌ನಿಂದಲೇ ದಾರಿ ಕೊಡಿ. ಅದರಲ್ಲಿ ಒಂದು ಗುಣ ಎತ್ತಿ ಹಿಡಿದು, "ನಂಬಲಾಗದ ನಿರೂಪಕ ನಿಮಗೆ ಹಿಡಿಸಿದ್ರೆ ಇದನ್ನೂ ನೋಡಿ" ಅಂತ ಲಿಂಕ್. ಬರೀ "ಇದು ಅದಕ್ಕಿಂತ ಚೆನ್ನಾಗಿದೆ" ಅಂದ್ರೆ ಜಗಳಕ್ಕೆ ಆಹ್ವಾನ.

ಗಾಳಿಗೋಪುರ
ಕರೆಕ್ಟ್. ಹೋಲಿಸಿ ಕೀಳು ಮಾಡಿದ್ರ ಯಾರೂ ಬರಂಗಿಲ್ಲ.

ಕಾಗದದದೋಣಿ
ಯಾರೂ ಎಕ್ಸ್‌ಚೇಂಜ್ ಬಗ್ಗೆ ಹೇಳಲೇ ಇಲ್ಲ! ಅಪರೂಪದ ಫ್ಯಾಂಡಮ್‌ಗಳಿಗೆ ಅಂತಲೇ ಯೂಲ್‌ಟೈಡ್ ಅನ್ನೋ ಕಥಾ ವಿನಿಮಯ 2003ರಿಂದ ಪ್ರತಿ ವರ್ಷ ನಡೀತಿದೆ. ಕನಿಷ್ಠ 1,000 ಪದ, ಡಿಸೆಂಬರ್ 25ಕ್ಕೆ ಕಥೆಗಳ ಅನಾವರಣ. ಇದರ ಗುಟ್ಟು ಏನಂದ್ರೆ ವೋಟೂ ಇಲ್ಲ, ಪೈಪೋಟಿಯೂ ಇಲ್ಲ, ಖಾತ್ರಿ ಇದೆ. ನೀವು ಒಬ್ಬರಿಗೆ ಬರೀತೀರಿ, ನಿಮಗೆ ಒಬ್ಬರು ಬರೀತಾರೆ. ಓದೋಕೆ ಒಬ್ಬರು ಇದ್ದೇ ಇದ್ದಾರೆ ಅಂತ ಗೊತ್ತಿದ್ರೆ ಜನ ಯಾವ ಸಣ್ಣ ಫ್ಯಾಂಡಮ್‌ಗಾದ್ರೂ ಬರೀತಾರೆ.

ಸಣ್ಣ ಮಟ್ಟದಲ್ಲಿ ನಡೆಸೋದು ಹೀಗೆ. ಎಓ3ಲಿ ಕಲೆಕ್ಷನ್ ತೆರೆದು ಚಾಲೆಂಜ್ ಬಗೆಯಲ್ಲಿ ಗಿಫ್ಟ್ ಎಕ್ಸ್‌ಚೇಂಜ್ ಆರಿಸಿ. ಮೊದಲು ಟ್ಯಾಗ್ ಸೆಟ್‌ನಲ್ಲಿ (ಈ ಸಲ ಕೇಳಬಹುದಾದ ಫ್ಯಾಂಡಮ್‌ಗಳ ಪಟ್ಟಿಯಲ್ಲಿ) ನಾಮನಿರ್ದೇಶನ ಒಂದು ವಾರ. ಆಮೇಲೆ ಸೈನ್‌ಅಪ್ ಹತ್ತು ದಿನ. ಪ್ರತಿಯೊಬ್ಬರೂ ಮೂರು ಫ್ಯಾಂಡಮ್ ಕೇಳಲಿ, ಕನಿಷ್ಠ ಐದು ಬರೆಯೋಕೆ ಒಪ್ಪಲಿ. ಕೇಳೋದಕ್ಕಿಂತ ಕೊಡೋದು ಜಾಸ್ತಿ ಇರಲೇಬೇಕು, ಇಲ್ಲದಿದ್ರೆ ಜೋಡಿ ಕೂಡಲ್ಲ. ಒಂದು ಫ್ಯಾಂಡಮ್ ಹೊಂದಿದ್ರೆ ಸಾಕು ಅಂತ ಹೊಂದಾಣಿಕೆ ಇಡಿ. ಎರಡು ಅಂತ ಇಟ್ರೆ ಅಪರೂಪದ ಫ್ಯಾಂಡಮ್‌ಗಳಲ್ಲಿ ಅರ್ಧ ಜನ ಹೊರಗೇ ಉಳೀತಾರೆ. ಸಂಭಾವ್ಯ ಜೋಡಿಗಳನ್ನ ಯಂತ್ರವೇ ತೆಗೆಯುತ್ತೆ. ಯಾರಿಗೆ ಕೊಡೋರು ಇಲ್ಲವೋ ಅವರ ಪಟ್ಟಿ ಬರುತ್ತೆ. ಆ ಪಟ್ಟಿಯ ಫ್ಯಾಂಡಮ್ ಹೆಸರು ಮಾತ್ರ ಬಹಿರಂಗ ಮಾಡಿ, ಯಾರು ಬರೀತೀರಿ ಅಂತ ಕೇಳಿ.

ಬರೆಯೋಕೆ ಆರು ವಾರ. ಕೊನೆ ದಿನಕ್ಕೆ ಹತ್ತು ದಿನ ಮೊದಲು "ಆಗಲ್ಲ" ಅಂತ ಹೇಳೋಕೆ ದಂಡವಿಲ್ಲದ ಒಂದು ತಾರೀಕು ಇಡಿ. ಕೈಬಿಟ್ಟವರ ಬದಲು ಬರೆಯೋ ಪಿಂಚ್ ಹಿಟರ್‌ಗಳು ಇಪ್ಪತ್ತು ಜನಕ್ಕೆ ಮೂವರಾದ್ರೂ ಬೇಕು. ಇದನ್ನ ಮೊದಲೇ ಹೊಂದಿಸದ ಎಕ್ಸ್‌ಚೇಂಜ್ ಒಂದೇ ಸಲ ನಡೆದು ನಿಲ್ಲುತ್ತೆ. ಉಡುಗೊರೆ ಸಿಗದೇ ಹೋದವರು ಮತ್ತೆ ಬರಲ್ಲ.

ಸುಮ್ನೆಓದುಗ
ಬರೆಯೋಕೆ ಬರದೇ ಇರೋರಿಗೆ? ಬರೀ ನೋಡೋರು, ಓದೋರು ಏನು ಮಾಡಬೇಕು?

ಹಳೇತಂತಿ
@ಸುಮ್ನೆಓದುಗ ಜೊತೆಯಾಗಿ ನೋಡೋದು, ಜೊತೆಯಾಗಿ ಓದೋದು. ಹೊಸ ಧಾರಾವಾಹಿಯನ್ನ ವಾರಕ್ಕೊಂದು ಬಿಟ್ರೆ ಎಂಟು ಎಪಿಸೋಡಿಗೆ ಎಂಟು ವಾರ ಮಾತು ನಡೆಯುತ್ತೆ. ಎಲ್ಲರೂ ಒಂದೇ ಜಾಗದಲ್ಲಿರ್ತಾರೆ. ಒಂದೇ ದಿನ ಎಲ್ಲ ಬಿಟ್ರೆ ಮುಗಿಸಿದವರು, ಮುಗಿಸದವರು ಅಂತ ಎರಡು ಪಾಲಾಗಿ ಪರಸ್ಪರ ಮಾತೇ ಆಡೋಕಾಗಲ್ಲ. ಹಳೇ ಕೃತಿಗಳ ಪಾಡು ಇನ್ನೂ ಕಷ್ಟ, ಪ್ರತಿಯೊಬ್ಬರೂ ಬೇರೆ ಬೇರೆ ವರ್ಷದಲ್ಲಿ ಅದನ್ನ ಕಂಡುಕೊಳ್ತಾರೆ. ಒಬ್ಬ ಬಂದು ಉತ್ಸಾಹದಿಂದ ಬರೆಯೋ ಹೊತ್ತಿಗೆ ಹಿಂದಿನವನು ಬಿಟ್ಟು ಹೋಗಿರ್ತಾನೆ.

ಹಾಗಾಗಿ ನಾವೇ ಒಂದು ವೇಳಾಪಟ್ಟಿ ಹೇರಬೇಕು. ವಾರಕ್ಕೆ ಎರಡು ಎಪಿಸೋಡ್ ಅಥವಾ ನಲವತ್ತು ಐವತ್ತು ಪುಟ. ಒಟ್ಟು ಆರು ವಾರ ದಾಟಬಾರದು. ದೊಡ್ಡ ಕೃತಿಯಾದ್ರೆ ಒಂದು ಭಾಗಕ್ಕೆ ನಿಲ್ಲಿಸಿ. ಥ್ರೆಡ್ ಶೀರ್ಷಿಕೆಯಲ್ಲೇ ಎಲ್ಲಿವರೆಗೆ ಮಾತಾಡಬಹುದು ಅಂತ ಬರೀರಿ. ಮುಂದಿನದ್ದನ್ನ ಬರೆದ್ರೆ ಮರೆಮಾಚದೆ ಅಳಿಸಬೇಕು. ಸ್ಪಾಯ್ಲರ್ ಪಟ್ಟಿ ಎಳೆದ್ರೂ ಅದರ ಉದ್ದ ನೋಡಿ ಜನ ಊಹಿಸಿಬಿಡ್ತಾರೆ. ಮೂರು ಪ್ರಶ್ನೆ ಸಾಕು. ಹತ್ತು ಪ್ರಶ್ನೆ ಹಾಕಿದ್ರೆ ಪರೀಕ್ಷೆ ಬರೆದ ಹಾಗಾಗಿ ಯಾರೂ ಉತ್ತರಿಸಲ್ಲ. "ಈ ದೃಶ್ಯದಲ್ಲಿ ಅವಳು ಬಾಗಿಲು ಮುಚ್ಚದೇ ಹೋದದ್ದು ಯಾಕೆ" ಅನ್ನೋ ಥರ ಸಣ್ಣ, ನಿರ್ದಿಷ್ಟ ಪ್ರಶ್ನೆ ಇರಲಿ. "ನಿಮಗೆ ಏನನ್ನಿಸಿತು" ಅಂದ್ರೆ "ಚೆನ್ನಾಗಿತ್ತು" ಬರುತ್ತೆ, ಅಷ್ಟೇ.

ಮಳೆಹುಳ
ಸಾಮಾನ್ಯವಾಗಿ ಮೂರನೇ ವಾರಕ್ಕೆ ಜನ ಉದುರ್ತಾರೆ ಮಾರಾಯ್ರೆ. ಆ ವಾರ ಹಿಂದುಳಿದವರಿಗೆ ಅಂತ ಹೊಸ ಭಾಗ ಇಲ್ಲದೆ ಖಾಲಿ ಬಿಡಬೇಕು. ಇಲ್ಲದಿದ್ರೆ ಒಮ್ಮೆ ತಪ್ಪಿದವ ಮತ್ತೆ ಬರುದಿಲ್ಲ.

ಟ್ಯಾಗ್‌ಕಟ್ಟು
ಜೊತೆಗೆ ಪರಿಚಯದ ಪೋಸ್ಟ್ ಬೇಕು, ಪ್ರೈಮರ್ ಅಂತಾರಲ್ಲ ಅದು. ಹೆಚ್ಚಿನವು ಉದ್ದ ಆಗಿಯೇ ಹಾಳಾಗೋದು. ಮುನ್ನೂರು ಪದ ಮೀರಬಾರದು. ಇರಬೇಕಾದ್ದು: ಒಟ್ಟು ಎಷ್ಟು ಗಂಟೆ ಅಥವಾ ಪುಟ, ಎಲ್ಲಿಂದ ಶುರು ಮಾಡಬೇಕು, ಎಲ್ಲಿವರೆಗೆ ತಾಳ್ಮೆ ಬೇಕು, ಕಾನೂನುಬದ್ಧವಾಗಿ ಎಲ್ಲಿ ಸಿಗುತ್ತೆ, ಸಬ್‌ಟೈಟಲ್ ಯಾವ ಭಾಷೆಯಲ್ಲಿದೆ, ಮನಸ್ಸು ಕದಡೋ ವಿಷಯ ಏನಿದೆ. "ಮೊದಲ ಭಾಗ ನಿಧಾನ, ನಾಲ್ಕನೇ ಅಧ್ಯಾಯದಿಂದ ಹಿಡಿಯುತ್ತೆ" ಅಂತ ನೇರವಾಗಿ ಬರೆದ್ರೆ ಜನ ನಂಬ್ತಾರೆ. ಇಡೀ ಕಥೆ ಹೇಳಿಬಿಟ್ರೆ ಓದಿದ ಹಾಗೇ ಆಯ್ತಲ್ಲ ಅಂತ ಬಿಡ್ತಾರೆ.

ಬಿಡಿಹಾಳೆ
ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಒಂದು ಪ್ರಶ್ನೆ: ಏನಾದ್ರೂ ಬದಲಾಯಿತು ಅಂತ ತಿಳಿಯೋದು ಹೇಗೆ? ಲೈಕ್ ಎಣಿಸೋದಾ?

ಲೆಕ್ಕದಪುಸ್ತಕ
ಲೈಕ್ ಬೇಡ. ಬದಲಾವಣೆಗೆ ಮೊದಲಿನ 30 ದಿನ, ಆಮೇಲಿನ 30 ದಿನ ತಗೊಂಡು ಫ್ಯಾಂಡಮ್‌ವಾರು ಮೂರು ಅಂಕಿ ತೆಗೀರಿ. ಒಂದೂ ಉತ್ತರ ಬರದ ಪೋಸ್ಟ್ ಶೇಕಡಾ ಎಷ್ಟು. ಮೊದಲ ಉತ್ತರಕ್ಕೆ ಎಷ್ಟು ಗಂಟೆ ಹಿಡೀತು, ಇಲ್ಲೂ ಮಧ್ಯಕವೇ. ಪ್ರತಿ ಪೋಸ್ಟಿಗೆ ಎಷ್ಟು ಬೇರೆ ಬೇರೆ ಜನ ಬರೆದ್ರು. ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ಜನ ಬಿಟ್ಟು ಹೋಗೋದು ಕಡಿಮೆ ಲೈಕ್ ನೋಡಿ ಅಲ್ಲ, ಸೊನ್ನೆ ಉತ್ತರ ನೋಡಿ. ಆ ಅವಧಿಯಲ್ಲಿ ಯಾವುದಾದ್ರೂ ದೊಡ್ಡ ಫ್ಯಾಂಡಮ್‌ಗೆ ಹೊಸ ಭಾಗ ಬಿಡುಗಡೆ ಆಗಿದ್ರೆ ಆ ತಿಂಗಳನ್ನ ಹೋಲಿಕೆಗೆ ತಗೋಬೇಡಿ.

ಕೊನೆಬೆಂಚು
ಹಾಗಾದ್ರೆ ಮಾಡರೇಟರ್‌ಗಳೇ ಪ್ರತಿ ಪೋಸ್ಟಿಗೂ ಒಂದು ಉತ್ತರ ಹಾಕಿದ್ರೆ ಆಯ್ತಲ್ಲ. ಸೊನ್ನೆ ಹೋಯ್ತು.

ಇರುವೆಸಾಲು
@ಕೊನೆಬೆಂಚು ಅಂಕಿ ಸರಿಹೋಗುತ್ತೆ, ಜನ ಉಳಿಯಲ್ಲ. "ಚೆನ್ನಾಗಿ ಬರೆದಿದ್ದೀರಿ" ಅಂತ ಎಲ್ಲ ಕಡೆ ಒಂದೇ ಕೈ ಬರೆದದ್ದು ಎರಡು ವಾರದಲ್ಲಿ ಗೊತ್ತಾಗುತ್ತೆ. ಆದರೆ ಕೃತಿ ಗೊತ್ತಿಲ್ಲದೇ ಇದ್ರೂ ಕೇಳಬಹುದಾದ ನಿಜವಾದ ಪ್ರಶ್ನೆ ಇರುತ್ತೆ: "ಇದನ್ನ ಕಾದಂಬರಿಯಿಂದ ಶುರು ಮಾಡಲಾ, ಆನಿಮೇಷನ್‌ನಿಂದಲಾ?" ಇಂಥದ್ದಕ್ಕೆ ಬರೆದವರು ಉತ್ತರ ಕೊಟ್ಟೇ ಕೊಡ್ತಾರೆ, ಥ್ರೆಡ್ ಮೇಲೆ ಬರುತ್ತೆ, ಗೊತ್ತಿರೋ ಮೂರನೆಯವರು ನೋಡ್ತಾರೆ.

ಗಾಳಿಗೋಪುರ
ಒಂದು ಮಾತು ಯಾರೂ ಆಡಲಿಲ್ಲ, ನಾನು ಆಡ್ತೀನಿ. ಸೂತ್ರ, ಟ್ಯಾಗು, ವೇಳಾಪಟ್ಟಿ ಎಲ್ಲಾ ಖರೆ. ಆದ್ರ ಒಂದs ಕೃತಿಯೊಳಗ, ಒಂದs ಸೂತ್ರದಾಗ, ಹೆಣ್ಣು ಪಾತ್ರಕ್ಕ ಕಮ್ಮಿ ಗಮನ, ಕಪ್ಪು ಬಣ್ಣದ ನಾಯಕನಿಗೆ ಅವನ ಬಿಳಿ ಗೆಳೆಯಗಿಂತ ಕಮ್ಮಿ ಕಥಿ. ಇದನ್ನ ಅಭಿಮಾನಿಗಳೇ ವರ್ಷಗಟ್ಟಲೆ ಎಣಿಸಿ ತೋರಿಸ್ಯಾರ. ಹೆಣ್ಣು ಜೋಡಿಗಳಿಗೆ ಅಂತ ಪ್ರತಿ ಫೆಬ್ರುವರಿ ಫೆಮ್‌ಸ್ಲ್ಯಾಶ್ ಫೆಬ್ರುವರಿ ಮಾಡೂದು ಸುಮ್ನ ಅಲ್ಲ. ಭಾಜಕ ಬದಲಿ ಮಾಡಿದ್ರ ಇದು ಹೋಗಂಗಿಲ್ಲ. ಯಾರ ಬಗ್ಗೆ ಬರೀತೀವಿ ಅಂತ ನಾವs ನೋಡ್ಕೋಬೇಕು.

ನಡುರಾತ್ರಿ
@ಗಾಳಿಗೋಪುರ ಪೂರ್ತಿ ಒಪ್ಪುತ್ತೇನೆ. ಇದನ್ನ ಎತ್ತಿದವರನ್ನ "ಮೋಜು ಹಾಳು ಮಾಡೋರು" ಅಂತ ಬೈದು ಓಡಿಸೋದು ಮೊದಲು ನಿಲ್ಲಬೇಕು. ಅಲ್ಲಿ ಮಾಡರೇಟರ್ ಕೆಲಸ ಇದೆ, ಸೂತ್ರದ್ದಲ್ಲ.

ಲೆಕ್ಕದಪುಸ್ತಕ
ನಿಜ. ಆ ಅಸಮತೆಗೆ ನನ್ನ ಹತ್ರ ಸೂತ್ರ ಇಲ್ಲ. ಒಂದು ಮಾತ್ರ ಸೇರಿಸ್ತೀನಿ: ಮಧ್ಯಕದ ಲೆಕ್ಕವನ್ನ ಫ್ಯಾಂಡಮ್ ಬದಲು ಪಾತ್ರದ ಟ್ಯಾಗಿಗೂ ಹಾಕಬಹುದು, ದೊಡ್ಡ ಫ್ಯಾಂಡಮ್ ಒಳಗೆ. ಬರೆದದ್ದು ಕಾಣಲಿಕ್ಕಾದ್ರೂ ಸಹಾಯ ಆಗುತ್ತೆ.

ಬಿಡಿಹಾಳೆ
ಸರಿ, ಮೊದಲು ಟ್ಯಾಗ್ ಒಟ್ಟು ಮಾಡೋದು, ಆಮೇಲೆ ಒಂದು ಜೊತೆ ಓದು. ಜೊತೆ ಓದಿಗೆ ಥ್ರೆಡ್ ಯಾವ ಹೊತ್ತಿಗೆ ಹಾಕಬೇಕು? ಜನ ಬೇರೆ ಬೇರೆ ದೇಶದಲ್ಲಿದ್ದಾರೆ.

ಹಳೇತಂತಿ
@ಬಿಡಿಹಾಳೆ ಹೊತ್ತಿಗಿಂತ ದಿನ ಮುಖ್ಯ. ಶುಕ್ರವಾರ ಹಾಕಿ, ಎರಡು ದಿನ ಬಿಡುವಿರುತ್ತೆ. ಯಾವುದೇ ದೊಡ್ಡ ಫ್ಯಾಂಡಮ್‌ನ ಹೊಸ ಎಪಿಸೋಡ್ ಅದೇ ದಿನ ಬರ್ತಿದ್ರೆ ಮಂಗಳವಾರಕ್ಕೆ ಬದಲಾಯಿಸಿ. ಶೀರ್ಷಿಕೆಯಲ್ಲಿ ಗಂಟೆ ಹಾಕಬೇಡಿ, ತಾರೀಕು ಸಾಕು. ಹಿಂದಿನ ವಾರದ ಥ್ರೆಡ್ಡನ್ನ ಮುಚ್ಚದೆ ತೆರೆದೇ ಇಡಿ, ತಡವಾಗಿ ಬಂದವರು ಅಲ್ಲೇ ಬರೀತಾರೆ.

ಕಾಗದದದೋಣಿ
ಎಲ್ಲ ವಾರದ ಥ್ರೆಡ್‌ಗಳ ಲಿಂಕ್ ಮೊದಲನೆಯದರ ಮೊದಲ ಪೋಸ್ಟಿನಲ್ಲಿ ಸೇರಿಸ್ತಾ ಹೋಗಿ. ಮುಂದಿನ ವರ್ಷ ಹುಡುಕಿಕೊಂಡು ಬರೋರಿಗೆ ಅದೊಂದು ಸಿಕ್ಕಿದ್ರೆ ಎಲ್ಲ ಸಿಗುತ್ತೆ.